ಎದೆಯ ಮೇಲೆ ಕೂತವಳು ಯಾರು?

1692ನೇ ಇಸವಿ, ಜೂನ್ 2. ಅಮೆರಿಕದ ಮ್ಯಾಸಚೂಸೆಟ್ಸ್ ಆಗಿನ್ನೂ ಇಂಗ್ಲಿಷರ ವಸಾಹತು. ಅಲ್ಲಿನ ಸೇಲಂ ಎಂಬ ಪಟ್ಟಣದ ನ್ಯಾಯಾಲಯದಲ್ಲಿ ಬ್ರಿಜೆಟ್ ಬಿಷಪ್ ಎಂಬ ಹೆಂಗಸಿನ ವಿಚಾರಣೆ ನಡೆಯುತ್ತಿತ್ತು. ಆರೋಪ, ಆಕೆ ಮಾಟಗಾತಿ ಎಂದು. ಸಾಕ್ಷಿ ಹೇಳಲು ಬಂದವರಲ್ಲಿ ಜಾನ್ ಲೌಡರ್ ಎಂಬಾತನೂ ಒಬ್ಬ. ಆತ ಹೇಳಿದ್ದು ಏಳೆಂಟು ವರ್ಷ ಹಿಂದಿನ ಕಥೆ. ಬ್ರಿಜೆಟ್ ಸಾಕಿದ ಕೋಳಿಗಳು ಈತನಿದ್ದ ಮನೆಯ ತೋಟಕ್ಕೆ ನುಗ್ಗುತ್ತಿದ್ದವು, ಅದಕ್ಕೆ ಇಬ್ಬರಿಗೂ ಜಗಳವಾಗಿತ್ತು. ಅದಾದ ಕೆಲವು ದಿನಕ್ಕೆ, ಆರೋಗ್ಯವಾಗಿಯೇ ಮಲಗಿದವನಿಗೆ ನಡುರಾತ್ರಿ ಎದೆಯ ಮೇಲೆ ಭಾರೀ ಭಾರ ಬಿದ್ದಂತಾಯಿತು. ಎಚ್ಚರವಾಗಿ ನೋಡಿದರೆ ಬೆಳದಿಂಗಳಲ್ಲಿ ಬ್ರಿಜೆಟ್, ಅಥವಾ ಅವಳದೇ ರೂಪ, ಹೊಟ್ಟೆಯ ಮೇಲೆ ಕೂತಿದೆ. ತಳ್ಳಲು ಹೋದರೆ ಗಂಟಲು ಹಿಸುಕಿತು. ಕೈಯಲ್ಲಿ ಶಕ್ತಿಯೇ ಇಲ್ಲ. ಹೆಚ್ಚುಕಡಿಮೆ ಬೆಳಗಾಗುವವರೆಗೂ ಹಾಗೇ ಹಿಡಿದಿಟ್ಟಿದ್ದಳಂತೆ.

ರಿಚರ್ಡ್ ಕೋಮನ್ ಎಂಬ ಇನ್ನೊಬ್ಬನ ಹೇಳಿಕೆಯೂ ಹೀಗೇ ಇದೆ. ಹೆಂಡತಿಯ ಪಕ್ಕದಲ್ಲಿ ಮಲಗಿದ್ದಾನೆ, ದೀಪ ಉರಿಯುತ್ತಿದೆ, ಕೆಂಪು ಕುಪ್ಪಸ ತೊಟ್ಟ ಬ್ರಿಜೆಟ್ ಒಳಗೆ ಬಂದು ಅವನ ಎದೆಯ ಮೇಲೆ ಒರಗುತ್ತಾಳೆ. ಮಾತು ಹೊರಡದು, ಅಲುಗಾಡಲಾಗದು, ಪಕ್ಕದಲ್ಲಿರುವ ಹೆಂಡತಿಯನ್ನು ಎಬ್ಬಿಸಲೂ ಆಗದು. ಆಮೇಲೆ ಬಂಧುವೊಬ್ಬ ಜೊತೆಗಿದ್ದು, ಮೈಮೇಲೆ ಕತ್ತಿ ಅಡ್ಡ ಇಟ್ಟುಕೊಂಡು ಮಲಗು ಎಂದ. ಹಾಗೆ ಮಾಡಿದರೂ ಅವಳು ಬಂದಳಂತೆ.

ಇದನ್ನು ಓದುವಾಗ ನನಗೆ ನಮ್ಮ ಮನೆಗಳ ದಿಂಬಿನಡಿಯ ಕಬ್ಬಿಣ ನೆನಪಾಯಿತು. ಕೆಟ್ಟ ಕನಸು ಬಿದ್ದರೆ ಚಾಕು, ಪೊರಕೆ, ಏನಾದರೊಂದು ತಲೆಯ ಹತ್ತಿರ ಇಡುವುದು ಊರಲ್ಲಿ ಈಗಲೂ ಇದೆ. ಸೇಲಂಗೂ ನಮಗೂ ಸಂಬಂಧವೇ ಇಲ್ಲ, ಆದರೆ ಹೆದರಿದ ಮನುಷ್ಯ ಕೈ ಚಾಚುವುದು ಒಂದೇ ಕಡೆಗೆ.

"ಯಾರೋ ಎದೆ ಮೇಲೆ ಕೂತು ಅಮುಕಿದ ಹಾಗಾಯ್ತು" ಎನ್ನುವ ಮಾತನ್ನು ನಮ್ಮಲ್ಲಿ ಕೇಳದವರು ಕಡಿಮೆ. ವೈದ್ಯರು ಇದನ್ನು ಸ್ಲೀಪ್ ಪೆರಾಲಿಸಿಸ್ ಎನ್ನುತ್ತಾರೆ, ನಿದ್ರಾ ಪಾರ್ಶ್ವವಾಯು ಎನ್ನಬಹುದು. ಆದರೆ ಲಕ್ವಕ್ಕೂ ಇದಕ್ಕೂ ನಂಟಿಲ್ಲ. ನಾವು ಕನಸು ಕಾಣುವ ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತಿರುತ್ತದೆ. ಈ ರೆಮ್ ನಿದ್ದೆಯನ್ನು ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. ಕನಸಿನಲ್ಲಿ ಓಡಿದರೆ ನಿಜವಾಗಿಯೂ ಎದ್ದು ಓಡಬಾರದಲ್ಲ, ಅದಕ್ಕೆ ಮಿದುಳಿನ ಬುಡದಿಂದ ಹೋಗುವ ಆದೇಶ ಕೈಕಾಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಇಡುತ್ತದೆ. ಕಣ್ಣಿಗೂ ಉಸಿರಾಟದ ವಪೆಗೂ ಮಾತ್ರ ವಿನಾಯಿತಿ. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಆದೇಶ ಹಿಂತೆಗೆಯುವುದು ತಡವಾಗುತ್ತದೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಸ್ಕ್ರೀನ್ ಆನ್ ಆಗಿದೆ, ಕೀಬೋರ್ಡ್ ಇನ್ನೂ ಲಾಕ್.

ಹಾಗಾದರೆ ಎದೆಯ ಮೇಲಿನ ಭಾರ? ರೆಮ್ ನಿದ್ದೆಯಲ್ಲಿ ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಸಡಿಲವಾಗಿರುತ್ತವೆ, ಉಸಿರು ಮೇಲುಮೇಲಕ್ಕೆ ಸಾಗುತ್ತಿರುತ್ತದೆ. ಎಚ್ಚರಾದವರು ಗಾಬರಿಯಿಂದ ದೀರ್ಘವಾಗಿ ಉಸಿರೆಳೆಯಲು ಹೋದರೆ ಎದೆ ಏಳುವುದಿಲ್ಲ. ಏಳದ ಎದೆಯ ಮೇಲೆ ಏನೋ ಕೂತಿರಬೇಕು ಎಂದು ಮಿದುಳು ಲೆಕ್ಕ ಹಾಕುತ್ತದೆ. ಕನಸು ಇನ್ನೂ ಪೂರ್ತಿ ಮುಗಿದಿರುವುದಿಲ್ಲವಾದ್ದರಿಂದ ಆ 'ಏನೋ'ಗೆ ಒಂದು ಮುಖವೂ ಸಿಗುತ್ತದೆ. ಇದೆಲ್ಲ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಲೌಡರ್ ಬೆಳಗಿನವರೆಗೆ ಎಂದ, ಇರಲಿ, ಹೆದರಿದವನಿಗೆ ನಿಮಿಷವೇ ಒಂದು ಜಾವ.

ಲೌಡರನಿಗೆ ಸಿಕ್ಕ ಮುಖ ಕೋಳಿ ಜಗಳದ ನೆರೆಯವಳದು. ಅಲ್ಲಿಂದಲೇ ಅನಾಹುತ ಶುರುವಾದದ್ದು.

ಬ್ರಿಜೆಟ್ ಹೇಗಿದ್ದವಳು? ಮೂರು ಸಲ ಮದುವೆಯಾದವಳು. ಎರಡನೆಯ ಗಂಡ ಥಾಮಸ್ ಆಲಿವರ್ ಜೊತೆ ಬೀದಿಗೆ ಕೇಳುವಂತೆ ಜಗಳವಾಡಿ ಸಾರ್ವಜನಿಕ ಶಿಕ್ಷೆ ಅನುಭವಿಸಿದ್ದಳು. ಅವನು ತೀರಿಕೊಂಡ ಮೇಲೆ 1680ರಲ್ಲೇ ಒಮ್ಮೆ ಮಾಟದ ಆರೋಪ ಬಂದಿತ್ತು, ಆಗ ಪಾರಾದಳು. ಇನ್ನೊಂದು ವಿಚಿತ್ರವೆಂದರೆ, ಇತಿಹಾಸಕಾರರು ಬಹುಕಾಲ ಆಕೆಯನ್ನು ಹೆಂಡದಂಗಡಿ ನಡೆಸುತ್ತಿದ್ದ ಸಾರಾ ಬಿಷಪ್ ಎಂಬ ಬೇರೆ ಹೆಂಗಸಿನ ಜೊತೆ ಸೇರಿಸಿ ಒಬ್ಬಳೇ ಮಾಡಿಬಿಟ್ಟಿದ್ದರು. ಡೇವಿಡ್ ಗ್ರೀನ್ ಎಂಬ ಸಂಶೋಧಕರು 1981ರಲ್ಲಿ ಇಬ್ಬರನ್ನೂ ಬಿಡಿಸಿ ತೋರಿಸಿದರು. ಗಲ್ಲಿಗೇರಿದವಳ ಬದುಕನ್ನೂ ಸರಿಯಾಗಿ ಬರೆದಿಡಲಿಲ್ಲ ನೋಡಿ. ಏಪ್ರಿಲ್‌ನ ಮೊದಲ ವಿಚಾರಣೆಯಲ್ಲಿ ಆಕೆ, ಮಾಟಗಾತಿ ಎಂದರೆ ಏನೆಂದೇ ನನಗೆ ಗೊತ್ತಿಲ್ಲ ಎಂದಳು. ಹಾಗಿದ್ದರೆ ನೀನು ಅದಲ್ಲವೆಂದು ನಿನಗೆ ಹೇಗೆ ಗೊತ್ತು ಎಂದು ಮ್ಯಾಜಿಸ್ಟ್ರೇಟ್ ಮರುಪ್ರಶ್ನೆ ಹಾಕಿದರು. ಇದಕ್ಕೆ ಯಾರು ತಾನೇ ಉತ್ತರ ಕೊಡಬಲ್ಲರು!

ಸೇಲಂನ ಇಡೀ ಹುಚ್ಚಿಗೆ ನಿದ್ದೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕೋರ್ಟಿನಲ್ಲೇ ಮೈ ಬಿದ್ದು ಒದ್ದಾಡುತ್ತಿದ್ದ ಹುಡುಗಿಯರು, ಜಮೀನಿನ ವೈಮನಸ್ಸು, ಗಡಿಯಲ್ಲಿ ನಡೆಯುತ್ತಿದ್ದ ಯುದ್ಧ, ಎಲ್ಲವೂ ಇದ್ದವು. ಆದರೆ ಆ ನ್ಯಾಯಾಧೀಶರು ಒಪ್ಪಿಕೊಂಡ 'ರೂಪದ ಸಾಕ್ಷ್ಯ', ಅಂದರೆ ಆರೋಪಿ ತನ್ನ ಮನೆಯಲ್ಲಿದ್ದರೂ ಅವಳ ಛಾಯೆ ನನಗೆ ಕಂಡಿತು ಎನ್ನುವ ಮಾತು, ಇಂಥ ರಾತ್ರಿಗಳಿಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ. ಲೌಡರ್, ಕೋಮನ್ ಸುಳ್ಳು ಹೇಳಿದರು ಎಂದೂ ನನಗನ್ನಿಸುವುದಿಲ್ಲ. ಕಂಡದ್ದನ್ನೇ ಹೇಳಿದ್ದಾರೆ, ಅದಕ್ಕೇ ಆ ದಾಖಲೆ ಓದಿದರೆ ಮೈ ಜುಮ್ಮೆನ್ನುತ್ತದೆ.

ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ವೈದ್ಯ ಪ್ರಾಧ್ಯಾಪಕರಾಗಿದ್ದ ಇಸ್ಬ್ರಾಂಡ್ ಫಾನ್ ಡೀಮರ್‌ಬ್ರೂಕ್ 1664ರಲ್ಲೇ, ಸೇಲಂಗೆ 28 ವರ್ಷ ಮೊದಲು, ಐವತ್ತು ವರ್ಷದ ಹೆಂಗಸೊಬ್ಬಳ ಇಂಥದೇ ತೊಂದರೆಯನ್ನು ದಾಖಲಿಸಿದ್ದರು. ಆಕೆಗೆ ಒಮ್ಮೆ ಸೈತಾನ, ಒಮ್ಮೆ ದೊಡ್ಡ ನಾಯಿ, ಒಮ್ಮೆ ಕಳ್ಳ ಎದೆಯ ಮೇಲೆ ಬಿದ್ದು ಉಸಿರುಗಟ್ಟಿಸಿದಂತೆ. ಕೈಕಾಲು ಆಡದು, ಮಾತು ಬರದು. ಡಾಕ್ಟರು ಇದನ್ನು ಕಾಯಿಲೆ ಎಂದು ಬರೆದರು. ಕಾರಣವಾಗಿ ಅವರು ಊಹಿಸಿದ್ದು ಇಂದು ನಿಲ್ಲುವುದಿಲ್ಲ, ಆದರೆ ಸೈತಾನನ ಹೆಸರು ಕೇಳಿ ಅವರು ಕೇರಿಯಲ್ಲಿ ಹೆಂಗಸರನ್ನು ಹುಡುಕಿಕೊಂಡು ಹೋಗಲಿಲ್ಲ. ಅದೇ ರೋಗ ಒಂದು ಊರಿನಲ್ಲಿ ಔಷಧದ ಪುಸ್ತಕ ಸೇರಿತು, ಇನ್ನೊಂದು ಊರಿನಲ್ಲಿ ಕೋರ್ಟಿನ ಕಡತ ಸೇರಿತು.

ಇಂಗ್ಲಿಷಿನ 'ನೈಟ್‌ಮೇರ್' ಶಬ್ದದ ಮೇರ್ ಕೂಡ ಹೆಣ್ಣುಕುದುರೆಯಲ್ಲ, ಮಲಗಿದವರನ್ನು ಅಮುಕುವ ಪಿಶಾಚಿಯ ಹಳೆಯ ಹೆಸರು. 1781ರಲ್ಲಿ ಹೆನ್ರಿ ಫ್ಯೂಸೆಲಿ ಇದೇ ಹೆಸರಿನ ಚಿತ್ರ ಬರೆದರು. ಅಂಗಾತ ಮಲಗಿದ ಹೆಣ್ಣು, ಅವಳ ಎದೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಭೂತ. ಪರದೆಯ ಸಂದಿಯಲ್ಲಿ ಕುದುರೆಯ ತಲೆಯೂ ಇಣುಕುತ್ತದೆ. ಜಪಾನಿನವರು ಕನಶಿಬಾರಿ ಎನ್ನುತ್ತಾರೆ, ಲೋಹದಿಂದ ಬಿಗಿದಂತೆ ಎಂದರ್ಥ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಅದು 'ಮುದುಕಿ'. ಈ ವಿಷಯದಲ್ಲಿ ಹೆಂಗಸಿನ ಮೇಲೆ ಆರೋಪ ಹೊರಿಸುವುದು ಎಷ್ಟು ಸಲೀಸು!

ನನಗೂ ಇದು ಆಗಿದೆ. ಅಮೆರಿಕದ ಕ್ಲೈಂಟಿನ ಸಮಯಕ್ಕೆ ಹೊಂದಿಸಿಕೊಂಡು ವಾರಗಟ್ಟಲೆ ರಾತ್ರಿ ಎಚ್ಚರವಿದ್ದು, ಹಗಲು ಮಲಗಿದ ದಿನಗಳಲ್ಲೇ ಆದದ್ದು. ಬಾಗಿಲ ಬಳಿ ಯಾರೋ ನಿಂತಿದ್ದರು, ಖಂಡಿತ ನಿಂತಿದ್ದರು ಎನ್ನುವಷ್ಟು ನಿಚ್ಚಳ. ನಿದ್ದೆಗೆಡುವುದು, ಹೊತ್ತು ತಪ್ಪಿ ಮಲಗುವುದು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಅಧ್ಯಯನಗಳನ್ನೆಲ್ಲ ಕೂಡಿಸಿ 2011ರಲ್ಲಿ ಬಂದ ಒಂದು ವಿಮರ್ಶೆಯ ಪ್ರಕಾರ ನೂರರಲ್ಲಿ ಸುಮಾರು 8 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತದೆ, ವಿದ್ಯಾರ್ಥಿಗಳಲ್ಲಿ ಅದು 28. ಮನೆಯಲ್ಲಿ ಹಾಸ್ಟೆಲ್ ಸೇರಿದ ಮಕ್ಕಳು ಹೀಗೆಂದರೆ ನಗಬೇಡಿ, ಯಂತ್ರ ಕಟ್ಟಿಸಲೂ ಓಡಬೇಡಿ. ಮೊದಲು ಎಷ್ಟು ಗಂಟೆ ಮಲಗುತ್ತಾರೆ ಕೇಳಿ. ಪದೇ ಪದೇ ಆಗುತ್ತಿದ್ದು, ಹಗಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದರ ಹಿಂದೆ ದೆವ್ವವಿದೆಯೆಂಬ ನಂಬಿಕೆ ಬಲವಾಗಿದ್ದಷ್ಟೂ ಭಯವೂ ಹೆಚ್ಚು ಎಂಬುದನ್ನು ಈಜಿಪ್ಟ್ ಮತ್ತು ಡೆನ್ಮಾರ್ಕಿನ ಜನರನ್ನು ಹೋಲಿಸಿದ ಅಧ್ಯಯನ ತೋರಿಸಿದೆ.

ಬ್ರಿಜೆಟ್‌ಳನ್ನು ಜೂನ್ 10ರಂದು ಗಲ್ಲಿಗೇರಿಸಿದರು. ಸೇಲಂನಲ್ಲಿ ನೇಣಿಗೇರಿದ 19 ಜನರಲ್ಲಿ ಆಕೆಯೇ ಮೊದಲಿಗಳು, 14 ಮಂದಿ ಹೆಂಗಸರು. ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ನ್ಯಾಯಾಲಯವನ್ನೇ ಮುಚ್ಚಿದರು. ಮುಂದಿನ ವರ್ಷ ಹೊಸ ನ್ಯಾಯಾಲಯ ರೂಪದ ಸಾಕ್ಷ್ಯವನ್ನು ಬದಿಗಿಟ್ಟಾಗ ಹೆಚ್ಚಿನವರು ಬಿಡುಗಡೆಯಾದರು. 1697ರಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೂವಲ್ ಚರ್ಚಿನಲ್ಲಿ ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡರು. ಮುಖ್ಯ ನ್ಯಾಯಾಧೀಶ ಸ್ಟೌಟನ್ ಒಪ್ಪಿಕೊಳ್ಳಲೇ ಇಲ್ಲ. 1711ರಲ್ಲಿ ಹಲವರ ಮೇಲಿನ ಕಳಂಕ ತೆಗೆದುಹಾಕಿದ ಕಾಯ್ದೆ ಬಂತು, ಅದರಲ್ಲಿ ಬ್ರಿಜೆಟ್ ಹೆಸರಿರಲಿಲ್ಲ. ಆಕೆಯ ಹೆಸರು ಕಾನೂನಿಗೆ ಸೇರಿದ್ದು 2001ರ ಅಕ್ಟೋಬರ್ 31ರಂದು, ಇನ್ನೂ ನಾಲ್ವರು ಹೆಂಗಸರ ಜೊತೆಗೆ. ಸಹಿ ಹಾಕಿದವರು ಆಗಿನ ಹಂಗಾಮಿ ಗವರ್ನರ್ ಜೇನ್ ಸ್ವಿಫ್ಟ್, ಮ್ಯಾಸಚೂಸೆಟ್ಸ್‌ನಲ್ಲಿ ಆ ಅಧಿಕಾರ ನಡೆಸಿದ ಮೊದಲ ಮಹಿಳೆ. ಅಷ್ಟರಲ್ಲಿ 309 ವರ್ಷ ಕಳೆದಿತ್ತು.