ಬ್ರಹ್ಮಗಿರಿಯ ಲಿಪಿಕಾರನೂ ನಮ್ಮ ಸಣ್ಣ ಪ್ರಕಾಶನಗಳೂ

ಕನ್ನಡ ನಾಡಿನ ಸಭಾಚರಿತ್ರೆಯನ್ನು ಬರೆಯುವವರು ಮುದ್ರಣದ ಅಧ್ಯಾಯವನ್ನು ಸತ್ಯವೇದದ ಭಾಷಾಂತರದಿಂದ ಆರಂಭಿಸಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ವೈಭವದೊಂದಿಗೆ ಮುಗಿಸುವುದುಂಟು. ಈ ಕ್ರಮದಲ್ಲಿ ಸಮಾಜನ್ಯಾಯವನ್ನು ಕುರಿತ ಸಣ್ಣ ಪುಸ್ತಕಗಳಿಗೂ ಅವುಗಳ ಪ್ರಕಾಶಕರಿಗೂ ಸ್ಥಳ ದೊರೆಯುವುದಿಲ್ಲ. ಆದುದರಿಂದ ನಾವು ಬೇರೊಂದು ಕಡೆಯಿಂದ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಿಂದ ಹೊರಡುತ್ತೇವೆ.

1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ರೈಸರು ಬೆಂಗಳೂರಿನಲ್ಲಿಯೇ ಹುಟ್ಟಿದವರು, ಲಂಡನ್ ಮಿಷನ್ನಿನ ಬೋಧಕರ ಮಗ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಈ ಶಾಸನದ ಒಂದು ಮಾತು ದೇವಶಾಸ್ತ್ರದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಬೇಕು: ಸ್ವರ್ಗವು ದೊಡ್ಡವರಿಗೆ ಮಾತ್ರ ಸಾಧ್ಯವಾದುದಲ್ಲ, ಪ್ರಯತ್ನಪಟ್ಟರೆ ಚಿಕ್ಕವನಿಗೂ ಅದು ದೊರಕೀತೆಂಬುದು ಅದರ ಅಭಿಪ್ರಾಯ. ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಸಾರಬೇಕೆಂಬುದೇ ಶಾಸನದ ಉದ್ದೇಶ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡನೆಂದು ಹೇಳಿ, ಲಿಪಿಕಾರನೆಂಬ ಪದವನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ರಾಜಾಜ್ಞೆಯ ನಡುವೆ ಒಬ್ಬ ಕೂಲಿಗಾರನ ಸಹಿ! ಆದರೂ ಅದು ರಾಜನ ಬೊಕ್ಕಸದಿಂದ ನಡೆದ ಪ್ರಕಟಣೆ. ಚಿಕ್ಕವರು ಅದನ್ನು ಕೇಳುವವರೇ ಹೊರತು ನುಡಿದವರಲ್ಲ.

ಮಿಷನರಿಗಳ ಕಾಲದಲ್ಲಿಯೂ ಈ ಸಂಬಂಧವು ಬೇಗನೆ ಬದಲಾಗಲಿಲ್ಲ. ಬ್ರಹ್ಮಗಿರಿಗೆ ಸಮೀಪದ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಬಳ್ಳಾರಿಯ ಅಚ್ಚುಮೊಳೆಗಳನ್ನು ಆಶ್ರಯಿಸಿ ‘ಕನ್ನಡ ಸಮಾಚಾರ’ವಾಯಿತು. ಮುಂದೆ ಅವರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಪ್ರಕಟಿಸಿದಾಗ ಹಣ ಕೊಟ್ಟವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ; ಯಾವುದು ಅಚ್ಚಾಗಬೇಕೆಂಬ ತೀರ್ಮಾನ ಯಾರ ಕೈಯಲ್ಲಿತ್ತೆಂಬುದನ್ನು ಮಾತ್ರ ಗಮನಿಸುತ್ತೇವೆ.

ಆ ತೀರ್ಮಾನವನ್ನು ತಮ್ಮ ಕೈಗೆ ತೆಗೆದುಕೊಂಡವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಹಳ್ಳಿಗರ ಬಾಯಿಂದಲೂ ಓಲೆಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಜಾತಿಯ ಹಮ್ಮನ್ನು ಹಳಿದ ಕವಿಯೊಬ್ಬನಿಗೆ ಕ್ರೈಸ್ತ ಬೋಧಕನೊಬ್ಬ ಆಯುಷ್ಯದ ಬಹುಭಾಗವನ್ನು ತೆತ್ತದ್ದು ನಮ್ಮ ಸಭಾಚರಿತ್ರೆಗೆ ಸೇರಿದ ಸಂಗತಿಯೋ ಅಲ್ಲವೋ? ಸಾಹಿತ್ಯ ಪರಿಷತ್ತು 1949ರ ಕಲಬುರಗಿ ಸಮ್ಮೇಳನದ ಅಧ್ಯಕ್ಷತೆಯನ್ನು ಅವರಿಗೆ ಕೊಟ್ಟು ತನ್ನ ಉತ್ತರವನ್ನು ಹೇಳಿತು.

ಆದರೆ ಚಿಕ್ಕವರೇ ನುಡಿದು ಅಚ್ಚು ಹಾಕಿಸುವ ದಿನಗಳು ಬಂದದ್ದು 1970ರ ದಶಕದಲ್ಲಿ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಭೆಯಾಯಿತು, ಅವರು ಅಧಿಕಾರ ಬಿಡಬೇಕಾಯಿತು. ಅದರ ಬೆನ್ನಿಗೇ ದಲಿತ ಲೇಖಕರು ತಮ್ಮದೇ ಸಣ್ಣ ಪತ್ರಿಕೆಗಳನ್ನು ನಡೆಸತೊಡಗಿದರು, ‘ಪಂಚಮ’ ಅವುಗಳಲ್ಲೊಂದು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಇವರ ಹಾಡುಗಳನ್ನು ಓದಲು ಬಾರದವರೂ ಮೆರವಣಿಗೆಗಳಲ್ಲಿ ಹಾಡಿದರು. ಇಸಿಲದ ಜನರಂತೆ ಇವರೂ ಕಿವಿಯಿಂದಲೇ ಗ್ರಂಥವನ್ನು ಪಡೆದರು, ಆದರೆ ಈ ಸಲ ಮಾತು ತಮ್ಮ ಕೇರಿಯದೇ ಆಗಿತ್ತು.

ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಶೂದ್ರ ದೇವಶಾಸ್ತ್ರವನ್ನು ಕುರಿತು ಉಪನ್ಯಾಸ ನೀಡಿದ್ದು 1981ರಲ್ಲಿ. ದಲಿತ ದೇವಶಾಸ್ತ್ರವು ಅಲ್ಲಿಂದ ಬೆಳೆಯಿತು, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಅದೇ ನಾಡಿನ ಕನ್ನಡ ಕಿರುಪುಸ್ತಕಗಳು ಅದರ ಆಧಾರಗ್ರಂಥಗಳಾಗಿ ನಮ್ಮ ತರಗತಿಗಳಿಗೆ ಬರಬೇಕಾಗಿದೆ. ಅವು ಪಿನ್ನು ಹೊಡೆದ ತೆಳುಪುಸ್ತಕಗಳು. ಬೆನ್ನಿಲ್ಲದ ಕಾರಣ ಕಪಾಟಿನಲ್ಲಿ ನಿಲ್ಲಿಸಿದರೆ ಹೆಸರೇ ಕಾಣುವುದಿಲ್ಲ. ಗ್ರಾಮಸಭೆಗಳ ಹಳೆಯ ಪೆಟ್ಟಿಗೆಗಳಲ್ಲಿ, ನಿವೃತ್ತ ಶಿಕ್ಷಕರ ಅಟ್ಟಗಳಲ್ಲಿ ಅವನ್ನು ಹುಡುಕುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಚಳ್ಳಕೆರೆ, ಮೊಳಕಾಲ್ಮೂರುಗಳಿಂದಲೇ ಆರಂಭಿಸಬಹುದು.