ಸಾಗಸ್ ನದಿಯ ದಡದ ಕುಲುಮೆ

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಕಲಹ ಹೊತ್ತಿಕೊಂಡ ಕಾಲವದು. ಮ್ಯಾಸಚೂಸೆಟ್ಸ್ ವಸಾಹತಿನ ರೇವುಗಳಿಗೆ ವಲಸೆಗಾರರ ಹಡಗುಗಳು ಬರುವುದು ವಿರಳವಾಯಿತು. ಅವುಗಳ ಜೊತೆ ಬರುತ್ತಿದ್ದ ಹಣ, ಮೊಳೆ, ಕೊಡಲಿ, ಕಡಾಯಿಗಳಿಗೂ ಬರ ಬಂತು. ಗವರ್ನರ್ ಆಗಿದ್ದ ಜಾನ್ ವಿಂಥ್ರಾಪನ ಮಗ, ತಂದೆಯ ಹೆಸರನ್ನೇ ಹೊತ್ತವನು, 1641ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂಡವಾಳಗಾರರನ್ನು ಕೂಡಿಸಿದ. ಬ್ರೇನ್‌ಟ್ರೀಯಲ್ಲಿ ಆತ ಎಬ್ಬಿಸಿದ ಮೊದಲ ಊದುಕುಲುಮೆಗೆ ಅದಿರೂ ಸಾಲಲಿಲ್ಲ, ನೀರೂ ಸಾಲಲಿಲ್ಲ. ಪಾಲುದಾರರು ಅವನನ್ನು ಬಿಡಿಸಿ ರಿಚರ್ಡ್ ಲೀಡರ್ ಎಂಬವನನ್ನು ಕಳಿಸಿದರು.

ಲೀಡರ್ ಜಾಗದ ಗುಣ ಬಲ್ಲವನು. ಸಾಗಸ್ ನದಿಯ ದಡದಲ್ಲಿ ಜೌಗುನೆಲದ ಅದಿರಿತ್ತು, ಇದ್ದಿಲಿಗೆ ಕಾಡಿತ್ತು, ಚಕ್ರ ತಿರುಗಿಸುವ ನೀರಿತ್ತು; ಕಡಲ ಉಬ್ಬರ ಅಲ್ಲಿಯವರೆಗೂ ಏರುತ್ತಿದ್ದುದರಿಂದ ದೋಣಿಗಳು ಕುಲುಮೆಯ ಬುಡಕ್ಕೇ ಬರುತ್ತಿದ್ದವು. ಸುಣ್ಣಕಲ್ಲಿನ ಕೊರತೆಯನ್ನು ನಹಾಂಟ್ ತೀರದ ಗ್ಯಾಬ್ರೊ ಕಲ್ಲು ತುಂಬಿತು. 1646ರಲ್ಲಿ ಕುಲುಮೆ ಹೊತ್ತಿಸಿದರು. ಆ ನೆಲೆಗೆ ಹ್ಯಾಮರ್‌ಸ್ಮಿತ್ ಎಂದು ಹೆಸರಾಯಿತು.

ಮೇಲಿನ ದಿಬ್ಬದಿಂದ ಕುಲುಮೆಯ ಬಾಯಿಗೆ ಒಂದು ಸೇತುವೆ. ಅದರ ಮೇಲಿಂದ ಅದಿರು, ಇದ್ದಿಲು, ಕಲ್ಲುಗಳನ್ನು ಸುರಿಯುತ್ತಿದ್ದರು. ಕೆಳಗೆ ನೀರಿನ ಚಕ್ರಕ್ಕೆ ಕಟ್ಟಿದ ದೊಡ್ಡ ತಿದಿಗಳು ಹಗಲೂ ರಾತ್ರಿ ಊದುತ್ತಿದ್ದವು. ಬುಡ ಕೊರೆದಾಗ ಕರಗಿದ ಕಬ್ಬಿಣ ಮರಳಿನಲ್ಲಿ ತೋಡಿದ ಕಾಲುವೆಗೆ ಹರಿದು ಗಟ್ಟಿಯಾಗುತ್ತಿತ್ತು. ಪಾತ್ರೆ ಎರಕಕ್ಕೆ ಬೇಕಾದಷ್ಟನ್ನು ಸೌಟಿನಲ್ಲಿ ಮೊಗೆದುಕೊಳ್ಳುತ್ತಿದ್ದರು. ಬೀಡುಕಬ್ಬಿಣವನ್ನು ಮತ್ತೆ ಕಾಯಿಸಿ, 500 ಪೌಂಡಿನ ಸುತ್ತಿಗೆಯಡಿ ಬಡಿದು ಸರಳು ಮಾಡುವ ಕಮ್ಮಾರಸಾಲೆ ಪಕ್ಕದಲ್ಲೇ. ಆ ಸರಳನ್ನು ಚಪ್ಪಟೆ ಮಾಡಿ, ಮೊಳೆಗೆಂದು ಉದ್ದುದ್ದ ಸೀಳುವ ಗಿರಣಿಯೂ ಇತ್ತು. ಅಂಥ ಗಿರಣಿ ಯುರೋಪಿನಲ್ಲೇ ಬೆರಳೆಣಿಕೆಯಷ್ಟಿದ್ದ ದಿನಗಳವು.

ಕಸುಬುದಾರರಿಲ್ಲದೆ ಕುಲುಮೆಯಿಲ್ಲ, ಮತ್ತು ಆ ಕಸುಬುದಾರರು ವಸಾಹತಿನ ಪ್ಯೂರಿಟನ್ ಧರ್ಮಶ್ರದ್ಧೆಗೆ ಬಗ್ಗುವ ಜನವಲ್ಲ. ಬೈಗುಳ, ಕುಡಿತ, ಭಾನುವಾರದ ಪ್ರಾರ್ಥನೆ ತಪ್ಪಿಸಿದ್ದು, ಅಂತಸ್ತಿಗೆ ಮೀರಿದ ಉಡುಪು, ಎಲ್ಲಕ್ಕೂ ದಂಡ. ನ್ಯಾಯಾಲಯದ ದಾಖಲೆಗಳಲ್ಲಿ ಈ ಜನ ಎಷ್ಟು ಸಲ ಎದುರಾಗುತ್ತಾರೆಂದರೆ, ದಂಡ ಕಟ್ಟಿಯೇ ಅವರು ಚರಿತ್ರೆಯಲ್ಲಿ ಉಳಿದರು ಎನ್ನಬೇಕು. ಇವರ ಜೊತೆಗೆ ಇನ್ನೊಂದು ಗುಂಪು ಸೇರಿತು. 1650ರ ಸೆಪ್ಟೆಂಬರಿನಲ್ಲಿ ಡನ್‌ಬಾರ್ ಕದನದಲ್ಲಿ ಪಾರ್ಲಿಮೆಂಟ್ ಪಡೆಯ ದಂಡನಾಯಕ ಕ್ರಾಮ್‌ವೆಲ್ ಸೆರೆಹಿಡಿದ ಸ್ಕಾಟ್ ಸೈನಿಕರನ್ನು 'ಯೂನಿಟಿ' ಹಡಗಿನಲ್ಲಿ ಬಾಸ್ಟನ್ನಿಗೆ ಸಾಗಿಸಲಾಯಿತು. ಅವರಲ್ಲಿ ಸುಮಾರು 60 ಮಂದಿ ಕಂಪನಿಯ ಪಾಲಿಗೆ ಬಂದರು. ಯುದ್ಧಕ್ಕೆ ಬಂದವರು ಪರದೇಶದ ಕಾಡಿನಲ್ಲಿ ಜೀತಕ್ಕೆ ಸೌದೆ ಕಡಿದರು.

ಕಬ್ಬಿಣವೇನೋ ಚೆನ್ನಾಗಿಯೇ ಬಂತು. ಕೆಟ್ಟದ್ದು ಲೆಕ್ಕಪುಸ್ತಕ. ಕೂಲಿ ದುಬಾರಿ, ಟನ್ನಿಗೆ 20 ಪೌಂಡಿಗಿಂತ ಹೆಚ್ಚು ಬೆಲೆ ಕೇಳಬಾರದೆಂದು ವಸಾಹತಿನ ಕಟ್ಟಳೆ, ಲಾಭ ಬರಲಿಲ್ಲವೆಂದು ಲಂಡನ್ನಿನ ಪಾಲುದಾರರ ಮುನಿಸು. ಲೀಡರನ ನಂತರ ಬಂದ ಜಾನ್ ಗಿಫರ್ಡ್ ಸಾಲದ ವ್ಯಾಜ್ಯದಲ್ಲಿ ಸೆರೆಮನೆ ಕಂಡ. ದಾವೆಗಳ ನಡುವೆ ಕುಂಟುತ್ತಾ ಸಾಗಿದ ಕುಲುಮೆ 1668ರ ಸುಮಾರಿಗೆ ಆರಿತು. ಆದರೆ ಕಸುಬು ಆರಲಿಲ್ಲ. ಇಲ್ಲಿ ದುಡಿದಿದ್ದ ಲೆನಾರ್ಡ್ ಸಹೋದರರು ಟಾಂಟನ್ನಿನಲ್ಲಿ ಬೇರೆ ಕುಲುಮೆ ಹೂಡಿದ್ದರು. ಸಾಗಸ್ಸಿನಲ್ಲೇ ಸ್ವಂತ ಸಾಲೆ ನಡೆಸಿದ ಜೋಸೆಫ್ ಜೆಂಕ್ಸ್ 1655ರಲ್ಲಿ ಹೊಸ ಬಗೆಯ ಹುಲ್ಲುಗತ್ತಿಗೆ ಪೇಟೆಂಟ್ ಪಡೆದ.

ಇಂದು ಅಲ್ಲಿ ನಿಂತಿರುವ ಕುಲುಮೆ, ಕಮ್ಮಾರಸಾಲೆ, ಗಿರಣಿಗಳನ್ನು ಕಂಡು ಮುನ್ನೂರೈವತ್ತು ವರ್ಷದ ಕಟ್ಟಡಗಳೆಂದು ಬೆರಗಾಗುವವರುಂಟು. ಆದರೆ ಅವು ಮತ್ತೆ ಕಟ್ಟಿದವು; 1954ರಲ್ಲಿ ಬಾಗಿಲು ತೆರೆದವು. ಲೇಖಕ ಹೆನ್ರಿ ಥೋರೊವಿನ ವಾಲ್ಡೆನ್ ಗುಡಿಸಲಿನ ತಳಪಾಯ ಹುಡುಕಿ ಹೆಸರಾಗಿದ್ದ ರೋಲಂಡ್ ರಾಬಿನ್ಸ್, 1948ರಿಂದ ಇಲ್ಲಿ ಅಗೆದು ಕುಲುಮೆಯ ಬುಡ, ನೀರಿನ ಚಕ್ರದ ತುಂಡು, ಆ ದೊಡ್ಡ ಸುತ್ತಿಗೆಯ ತಲೆಯನ್ನು ಹೊರತೆಗೆದ. ಅಮೆರಿಕದ ಉಕ್ಕು ಉದ್ಯಮದ ಸಂಘ ಹಣ ಕೊಟ್ಟಿತು. ಕುರುಹು ಸಿಕ್ಕಲ್ಲಿ ಕುರುಹಿನಂತೆ, ಸಿಗದಲ್ಲಿ ಊಹೆಯಂತೆ ಕಟ್ಟಿದರು. ನಿಜಕ್ಕೂ ಹಳೆಯದೆಂದರೆ ನದಿಯಂಚಿನ ಕಿಟ್ಟದ ಗುಡ್ಡೆ. ಕೆದಕಿದರೆ ಗಾಜಿನಂತೆ ಹೊಳೆಯುವ ಚೂರುಗಳು ಈಗಲೂ ಸಿಗುತ್ತವೆ.

'ಕುಲುಮೆಯ ಯಜಮಾನನ ಮನೆ' ಎಂದು ಕರೆಯಿಸಿಕೊಂಡ ಮರದ ಮನೆಯೂ ಹಳೆಯದೇ, ಆದರೆ ಯಾವ ಯಜಮಾನನೂ ಅಲ್ಲಿ ವಾಸವಿರಲಿಲ್ಲ. ಬೆಂಕಿ ಆರಿದ ಮೇಲೆ 1680ರ ದಶಕದಲ್ಲಿ ಕಟ್ಟಿದ್ದು. 1915ರಲ್ಲಿ ಹಳೆಯ ವಸ್ತುಗಳ ಸಂಗ್ರಾಹಕ ವ್ಯಾಲೇಸ್ ನಟಿಂಗ್ ಅದನ್ನು ಕೊಂಡು ತನ್ನ ಅಭಿರುಚಿಯಂತೆ ದುರಸ್ತಿ ಮಾಡಿಸಿದ. ಮುಂದೆ ಹೆನ್ರಿ ಫೋರ್ಡನ ಡಿಯರ್‌ಬಾರ್ನ್ ಸಂಗ್ರಹಾಲಯಕ್ಕೆ ಮನೆಯನ್ನು ಸಾಗಿಸುವ ಮಾತು ಬಂದಾಗ ಊರವರು ಎದ್ದು ನಿಂತು ತಡೆದರು. ಆ ಜಗಳದಿಂದಲೇ ಹುಟ್ಟಿದ ಸಂಘ ಮುಂದೆ ಉತ್ಖನನಕ್ಕೂ ದಾರಿ ಮಾಡಿತು. 1968ರಲ್ಲಿ ಇಡೀ ನೆಲೆ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ಸರ್ಕಾರದ ಕೈ ಸೇರಿತು.