ಜೀರ್ಣೋದ್ಧಾರದ ದ್ರವ್ಯ

ದೇವಾಲಯಗಳನ್ನು ಕಟ್ಟಿಸಿದ ನಮ್ಮ ಪ್ರಾಚೀನರು ಅವು ಒಂದು ದಿನ ಶಿಥಿಲವಾಗುವುವೆಂಬುದನ್ನು ಕಟ್ಟಿಸುವ ದಿನವೇ ಬಲ್ಲವರಾಗಿದ್ದರು. ಕನ್ನಡನಾಡಿನ ದಾನಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗ, ನೈವೇದ್ಯಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೂ ಗದ್ದೆ ಬೆದ್ದಲುಗಳನ್ನು ಧಾರಾಪೂರ್ವಕವಾಗಿ ಬಿಟ್ಟ ಉಲ್ಲೇಖ ಮೇಲಿಂದ ಮೇಲೆ ಬರುವುದು ಆ ವಿವೇಕದಿಂದಲೇ. ಬಿರುಕು ಬಿಡುವ ಮೊದಲೇ ಗಾರೆಗೆ ಬೇಕಾದ ಹಣ ಹೊಲದಲ್ಲಿ ಬೆಳೆಯುತ್ತಿದ್ದಿತು.

ಗುಂಡ್ಲುಪೇಟೆ ಸೀಮೆಯೂ, ಅದರ ನೆರೆಯ ಚಾಮರಾಜನಗರವೂ ಇಂತಹ ರಾಜಾಶ್ರಯವನ್ನು ಯಥೇಷ್ಟವಾಗಿ ಕಂಡವು. ತಮ್ಮ ತಂದೆಯ ಜನ್ಮಸ್ಥಳವಾದ ಅರಿಕುಠಾರಕ್ಕೆ 1818ರಲ್ಲಿ ಅವರ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಅದಕ್ಕೂ ಮುನ್ನ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನನ್ನು ಪ್ರತಿಷ್ಠಿಸಿದ್ದರು. ಆದರೆ ಮೊದಲಿನದು ಊರಿನ ನಡುವೆ ಪೂಜೆಗೊಳ್ಳುತ್ತ ನಿಂತಿರಲು, ಎರಡನೆಯದು ಬಹುಕಾಲ ಪಾಳುಬಿದ್ದಿತ್ತು. ಉಂಬಳಿಯೊಂದೇ ಗೋಡೆಯನ್ನು ಎತ್ತಿ ಹಿಡಿಯಲಾರದು. ಉಂಬಳಿಯ ಲೆಕ್ಕ ಕೇಳುವ ಜನರೂ ಸುತ್ತ ವಾಸವಾಗಿರಬೇಕು.

ಈ ನಾಡಿಗೆ ತಡವಾಗಿ ಬಂದ ಕ್ರೈಸ್ತರ ದೇವಾಲಯಗಳಿಗೆ ಇಂತಹ ಭೂಮಿಯ ಬೇರು ಸಾಮಾನ್ಯವಾಗಿ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಮೈಸೂರು ಸೀಮೆಗೆ ಬಂದ ಅಬೆ ದುಬೊಯ್ ಪಾದ್ರಿಯಿಂದ ಮೊದಲ್ಗೊಂಡು ಫ್ರೆಂಚ್ ಮಿಷನರಿಗಳು ಕಟ್ಟಿಸಿದವುಗಳಾಗಲಿ, ವೆಸ್ಲಿಯನ್ ಮಿಷನ್ನಿನವುಗಳಾಗಲಿ, ಸಮುದ್ರದಾಚೆಯ ಭಕ್ತರ ಕಾಣಿಕೆಯನ್ನೂ ಸ್ಥಳೀಯ ಸಭೆಯ ವಂತಿಗೆಯನ್ನೂ ನೆಚ್ಚಿಕೊಂಡಿದ್ದವು. ಅರಮನೆಯ ಔದಾರ್ಯ ಇಲ್ಲಿಯೂ ಇಲ್ಲದಿರಲಿಲ್ಲ: ಮೈಸೂರಿನಲ್ಲಿ ಮುಮ್ಮಡಿಯವರ ಕಾಲದ ಹಳೆಯ ಇಗರ್ಜಿಯಿದ್ದ ಎಡೆಯಲ್ಲಿಯೇ ಇಂದಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು. ಆದರೆ ಅರಸರು ಅಡಿಗಲ್ಲನ್ನಿಡುವುದು ರಾಜಧಾನಿಯ ಮಹಾಮಂದಿರಕ್ಕೆ. ತಾಲ್ಲೂಕಿನ ಹೆಂಚಿನ ಚರ್ಚಿನ ಸೂರು ಸೋರಿದರೆ ಪಾದ್ರಿಗಳು ಪತ್ರ ಬರೆಯಬೇಕು, ಇಲ್ಲವೆ ಸಭೆಯವರು ಮನೆಗಿಷ್ಟೆಂದು ಎತ್ತಬೇಕು.

ಸ್ವಾತಂತ್ರ್ಯಾನಂತರ ವಿಚಿತ್ರವಾದ ಸಮಾನತೆಯೊಂದು ಉಂಟಾಯಿತು. ವಿದೇಶೀ ಮಿಷನ್ನುಗಳ ಕೈ ಕ್ರಮೇಣ ಹಿಂದೆ ಸರಿಯಿತು. ಇತ್ತ 1955ರ ಧಾರ್ಮಿಕ ಇನಾಮು ರದ್ದಿಯಾತಿ ಕಾಯಿದೆಯಿಂದ ದೇವಸ್ಥಾನದ ಮಾನ್ಯಭೂಮಿ ಕೈಬಿಟ್ಟು, ಅದರ ಸ್ಥಾನದಲ್ಲಿ ತಸ್ತೀಕೆಂಬ ನಿಗದಿಯ ನಗದು ಬಂದಿತು. ಭೂಮಿಯ ಆದಾಯ ಧಾರಣೆಯೊಡನೆ ಏರುತ್ತಿತ್ತು, ತಸ್ತೀಕು ಅದರ ವೇಗಕ್ಕೆ ಏರುವುದಲ್ಲ. ಹೀಗೆ ಅರ್ಚಕರೂ ಪಾದ್ರಿಗಳೂ ಅರ್ಜಿದಾರರಾದರು: ಒಬ್ಬರು ಮುಜರಾಯಿ ಇಲಾಖೆಗೆ, ಇನ್ನೊಬ್ಬರು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗೆ. ಪುರಾತನ ಗುಡಿಗಳ ಪಾಲಿಗೆ 1991ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಸ್ಥಾಪಿಸಿದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ದೊಡ್ಡ ಆಸರೆಯಾಯಿತು; ಸರ್ಕಾರ, ಟ್ರಸ್ಟ್, ಊರವರು ಮೂವರೂ ವೆಚ್ಚವನ್ನು ಹಂಚಿಕೊಳ್ಳುವ ಅದರ ಪದ್ಧತಿ ನನಗೆ ಅತ್ಯಂತ ವಿವೇಕಯುತವಾಗಿ ತೋರುತ್ತದೆ, ಏಕೆಂದರೆ ಕೈಯಿಂದ ಹಣ ತೆತ್ತವನು ಕೆಲಸವನ್ನು ನೋಡಲು ಬಂದೇ ಬರುತ್ತಾನೆ.

ಅನುದಾನ ಬೇಡುವವನಿಗೆ ಜಾಗದ ಖಾತೆ ಬೇಕು, ಇಂಜಿನಿಯರರ ಅಂದಾಜುಪಟ್ಟಿ ಬೇಕು, ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ದೊರೆಯದು. ಸಾರ್ವಜನಿಕ ದ್ರವ್ಯಕ್ಕೆ ಈ ಕಟ್ಟುಪಾಡು ನ್ಯಾಯವೇ ಸರಿ. ತೊಂದರೆಯಿರುವುದು ಅಂದಾಜುಪಟ್ಟಿಯಲ್ಲಿ, ಅದು ಸಿಮೆಂಟನ್ನು ಚೆನ್ನಾಗಿ ಬಲ್ಲುದು, ಸುಣ್ಣದ ಗಾರೆಯನ್ನು ಬಹುಮಟ್ಟಿಗೆ ಮರೆತಿದೆ. ಸುಣ್ಣದ ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನತೊಡಗುತ್ತದೆ. ಮೇಲಾಗಿ, ಕುಸಿಯುವ ಗೋಡೆಗೆ ದೊರೆಯುವ ಅನುದಾನ ಮುಂಗಾರಿಗೆ ಮುನ್ನ ಒಡೆದ ಹೆಂಚನ್ನು ಬದಲಿಸುವುದಕ್ಕೆ ದೊರೆಯುವುದು ಅಪರೂಪ. ಆ ಅಲ್ಪವೆಚ್ಚಕ್ಕೆ ಗುಡಿಯಾದರೂ ಚರ್ಚಾದರೂ ಯಜಮಾನರು ಇಂದಿಗೂ ಮನೆಮನೆಯ ವಂತಿಗೆಯನ್ನೇ ಎತ್ತಬೇಕಾಗಿದೆ.